ಸರ್ವರ್ ಕೋಣೆ, ಓದುಗರ ಪ್ರಶ್ನೆಗಳು: ಹೆಸರು ಕೇಳಿದಾಗ ಉತ್ತರಿಸಿದವರು ಯಾರು?

2007ರಲ್ಲಿ ಬೆಂಗಳೂರಿನ ಒಂದು ಹೋಸ್ಟಿಂಗ್ ಕಂಪನಿಯ ರಾತ್ರಿ ಪಾಳಿಗೆ ಸೇರಿದಾಗಿನಿಂದ ನಾನು ಅತಿ ಹೆಚ್ಚು ಸಲ ಕೇಳಿದ ದೂರು 'ಡೊಮೈನ್ ಕೆಲಸ ಮಾಡ್ತಿಲ್ಲ' ಎಂಬುದು. ಈ ತಿಂಗಳ ಅಂಚೆಯಲ್ಲೂ ಅದೇ ಹೆಚ್ಚು. ಹಾಗಾಗಿ ಈ ಸಲದ ಪುಟಗಳನ್ನು ಪೂರ್ತಿಯಾಗಿ, ಹೆಸರು ಕೇಳಿದರೆ ಸರ್ವರಿನ ಸಂಖ್ಯಾವಿಳಾಸ (ಐಪಿ) ಹೇಳುವ ವ್ಯವಸ್ಥೆಯಾದ ಡಿಎನ್‌ಎಸ್‌ಗೇ ಕೊಟ್ಟಿದ್ದೇನೆ. ಪತ್ರ ಬರೆದವರ ಹೆಸರು, ವೆಬ್‌ಸೈಟ್ ವಿಳಾಸಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಅಡಿಕೆ, ಕಾಳುಮೆಣಸು, ಜೇನುತುಪ್ಪ ಮಾರುವ ಬೆಳೆಗಾರರ ಸಣ್ಣ ಸಂಘ. ಡಾಟ್ ಕಾಮ್ ವಿಳಾಸವಿದೆ. ಹದಿನೈದು ದಿನದ ಹಿಂದೆ ಹಳೆಯ ಹೋಸ್ಟಿಂಗ್ ಬಿಟ್ಟು ಹೊಸ ಕಂಪನಿಗೆ ಹೋದೆವು. ಅವತ್ತಿನಿಂದ ನನ್ನ ಫೋನಿನಲ್ಲಿ ಹೊಸ ಪುಟ, ಸಂಘದ ಕಂಪ್ಯೂಟರಿನಲ್ಲಿ ಹಳೆಯ ಪುಟ. ಗಿರಾಕಿಗಳಿಗೂ ಹಾಗೇ, ನಿನ್ನೆ ಕಂಡದ್ದು ಇವತ್ತು ಕಾಣುವುದಿಲ್ಲ. ಹೊಸ ಕಂಪನಿಯವರು 'ಪ್ರಾಪಗೇಷನ್ ಆಗ್ತಾ ಇದೆ, 48 ಗಂಟೆ ಕಾಯಿರಿ' ಎನ್ನುತ್ತಾರೆ. ಇನ್ನೂ ಕಾಯಬೇಕೇ?
(ಸಂಘದ ಕಾರ್ಯದರ್ಶಿ, ಶಿರಸಿ)

ಉತ್ತರ: ಕಾಯಬೇಡಿ. ಹದಿನೈದು ದಿನವಾದ ಮೇಲೂ ಹಳೆಯದು ಹೊಸದು ಅದಲುಬದಲಾಗಿ ಕಾಣುತ್ತಿದ್ದರೆ, ಹಳೆಯ ಉತ್ತರವನ್ನು ಈಗಲೂ ಯಾರೋ ಅಧಿಕಾರದಿಂದಲೇ ಕೊಡುತ್ತಿದ್ದಾರೆ ಎಂದರ್ಥ. ಅದು ಯಾರೆಂದು ಹುಡುಕಬೇಕು.

ಮೊದಲು ಈ 48 ಗಂಟೆಯ ವಿಷಯ. 'ಪ್ರಾಪಗೇಷನ್' ಎಂಬ ಮಾತು ಕೇಳಿದರೆ ಹೊಸ ವಿಳಾಸ ಊರಿಂದೂರಿಗೆ ಹಬ್ಬುತ್ತಾ ಹೋಗುತ್ತದೆ ಎನಿಸುತ್ತದೆ. ಹಾಗೇನೂ ಹಬ್ಬುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಯಾದರೂ ನಿಮ್ಮ ಟ್ರಂಕಿನಲ್ಲಿರುವ ಜೆರಾಕ್ಸ್ ತನ್ನಷ್ಟಕ್ಕೆ ತಿದ್ದಿಕೊಳ್ಳುವುದಿಲ್ಲವಲ್ಲ, ಡಿಎನ್‌ಎಸ್ ಕೂಡ ಹಾಗೇ. ಅಸಲು ದಾಖಲೆ ಇರುವುದು ನಿಮ್ಮ ನೇಮ್‌ಸರ್ವರಿನಲ್ಲಿ. ನಿಮ್ಮ ಪರವಾಗಿ ಹೆಸರು ಕೇಳಿ ತರುವ, ಇಂಟರ್ನೆಟ್ ಕಂಪನಿಯ ರಿಸಾಲ್ವರ್ ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳುತ್ತದೆ. ಪ್ರತಿಯ ಮೇಲೆ 'ಇಷ್ಟು ಸೆಕೆಂಡಿನವರೆಗೆ ಮಾತ್ರ' ಎಂದು ಬರೆದಿರುತ್ತದೆ, ಅದೇ ಟಿಟಿಎಲ್. ಅವಧಿ ಮುಗಿದರೆ ಪ್ರತಿಯನ್ನು ಬಿಸಾಡಿ ಮತ್ತೆ ಅಸಲನ್ನು ಕೇಳಬೇಕು. 'ಈ ಡೊಮೈನಿನ ನೇಮ್‌ಸರ್ವರ್ ಯಾವುದು' ಎಂಬ ಪ್ರಶ್ನೆಗೆ ಡಾಟ್ ಕಾಮ್‌ನ ಮೇಲಿನ ಸರ್ವರುಗಳು ಕೊಡುವ ಉತ್ತರಕ್ಕೆ 1,72,800 ಸೆಕೆಂಡುಗಳ ಟಿಟಿಎಲ್ ಇದೆ. ಲೆಕ್ಕ ಹಾಕಿದರೆ ಸರಿಯಾಗಿ ಎರಡು ದಿನ. 48 ಗಂಟೆ ಎಂಬ ಮಾತಿಗೆ ಆಧಾರ ಅದು. ಎರಡು ದಿನ ದಾಟಿದ ಮೇಲೆ ಅದೇ ಮಾತನ್ನು ಮತ್ತೆ ಹೇಳುವವರು ನೋಡದೆ ಹೇಳುತ್ತಿದ್ದಾರೆ.

ನಿಮ್ಮ ಡೊಮೈನಿನ ಹೆಸರು ಪತ್ರದಲ್ಲೇ ಇದ್ದುದರಿಂದ ನಾನೇ ಕೇಳಿ ನೋಡಿದೆ. ಲಿನಕ್ಸ್‌ನಲ್ಲಿ 'ಡಿಗ್' ಎಂಬ ಸಲಕರಣೆ ಇದೆ. ಅದಕ್ಕೆ 'ಪ್ಲಸ್ ಟ್ರೇಸ್' ಎಂದು ಸೇರಿಸಿದರೆ ಯಾರ ಪ್ರತಿಯನ್ನೂ ನಂಬದೆ, ಎಲ್ಲಕ್ಕೂ ಮೇಲಿರುವ ಬೇರಿನ (ರೂಟ್) ಸರ್ವರಿನಿಂದ ಹಿಡಿದು ಡಾಟ್ ಕಾಮ್‌ಗೆ, ಅಲ್ಲಿಂದ ನಿಮ್ಮ ನೇಮ್‌ಸರ್ವರಿಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಕೇಳುತ್ತದೆ. ಡಾಟ್ ಕಾಮ್ ಮೆಟ್ಟಿಲಿನಲ್ಲಿ ನಿಮ್ಮ ಡೊಮೈನಿಗೆ ಮೂರು ನೇಮ್‌ಸರ್ವರ್ ಕಂಡವು. ಎರಡು ಹೊಸ ಕಂಪನಿಯವು, ಮೂರನೆಯದು ಹಳೆಯದು. ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಹಳೆಯ ಕಂಪನಿ ಮೂರು ಕೊಟ್ಟಿತ್ತು, ಹೊಸದು ಎರಡು ಕೊಟ್ಟಿತು. ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿದ ಕಂಪನಿ) ಪುಟದಲ್ಲಿ ಮೊದಲ ಎರಡು ಖಾನೆ ತಿದ್ದಿದವರು ಮೂರನೆಯದನ್ನು ಖಾಲಿ ಮಾಡಲಿಲ್ಲ. ಹಳೆಯ ಕಂಪನಿ ನಿಮ್ಮ ಜೋನ್ ಕಡತವನ್ನು, ಅಂದರೆ ಡೊಮೈನಿನ ದಾಖಲೆಗಳ ಪಟ್ಟಿಯನ್ನು, ಇನ್ನೂ ಅಳಿಸದೆ ಇರುವುದರಿಂದ ಆ ಮೂರನೆಯ ಸರ್ವರ್ ಕೇಳಿದವರಿಗೆಲ್ಲ ಹಳೆಯ ಐಪಿ ವಿಳಾಸವನ್ನೇ ಕೊಡುತ್ತಿದೆ. ಯಾವ ರಿಸಾಲ್ವರ್ ಯಾವಾಗ ಮೂವರಲ್ಲಿ ಯಾರನ್ನು ಕೇಳುತ್ತದೆ ಎಂಬುದಕ್ಕೆ ನಿಶ್ಚಯವಿಲ್ಲ. ನಿನ್ನೆ ಕಂಡದ್ದು ಇವತ್ತು ಕಾಣದಿರುವುದು ಅದಕ್ಕೇ.

ರಿಜಿಸ್ಟ್ರಾರ್ ಪುಟಕ್ಕೆ ಹೋಗಿ ಮೂರನೆಯ ಖಾನೆ ಖಾಲಿ ಮಾಡಿ, ಉಳಿಸಿ. ಇದಾದ ಮೇಲೆ ಮಾತ್ರ ಎರಡು ದಿನ ಕಾಯುವುದಕ್ಕೆ ಅರ್ಥವಿದೆ.

ಆ ಎರಡು ದಿನದಲ್ಲಿ ಇನ್ನೊಂದು ಕೆಲಸ ಮಾಡಿ. ಇದು ವೆಬ್‌ಸೈಟಿಗಿಂತ ಮುಖ್ಯ. ಹಳೆಯ ವಿಳಾಸ ಸಿಕ್ಕ ಗಿರಾಕಿಗಳ ಇ-ಮೇಲ್ ಹಳೆಯ ಸರ್ವರಿನ ಅಂಚೆಪೆಟ್ಟಿಗೆಗೇ ಹೋಗಿ ಬಿದ್ದಿರುತ್ತದೆ. ಹದಿನೈದು ದಿನದ ಆರ್ಡರುಗಳಲ್ಲಿ ಎಷ್ಟೋ ಅಲ್ಲಿರಬಹುದು. ಹಳೆಯ ಖಾತೆಯನ್ನು ರದ್ದು ಮಾಡುವ ಮೊದಲು ಅದರ ವೆಬ್‌ಮೇಲ್ ತೆರೆದು ಒಂದೊಂದನ್ನೂ ನೋಡಿ, ಇಳಿಸಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಅವು ಸಿಗುವುದಿಲ್ಲ.

ಮೂರನೆಯ ಖಾನೆ ಸರಿಯಾದ ಮೇಲೂ ಸಂಘದ ಕಂಪ್ಯೂಟರಿನಲ್ಲಿ ಹಳೆಯ ಪುಟವೇ ಬಂದರೆ ಅದರೊಳಗಿನ ಹೋಸ್ಟ್ಸ್ ಕಡತ ನೋಡಿಸಿ. ಸೈಟ್ ಕಟ್ಟುವಾಗ ಪರೀಕ್ಷೆಗೆಂದು ಅದರಲ್ಲಿ ಒಂದು ಸಾಲು ಬರೆದು ಹಾಗೇ ಬಿಟ್ಟುಹೋಗುವುದು ರೂಢಿ. ಆ ಸಾಲು ಇದ್ದರೆ ಕಂಪ್ಯೂಟರ್ ಡಿಎನ್‌ಎಸ್ ಅನ್ನು ಕೇಳುವುದೇ ಇಲ್ಲ.

ರಿಜಿಸ್ಟ್ರಾರ್ ಪುಟದ ಪಾಸ್‌ವರ್ಡ್ 'ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಇದೆ' ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇದು ನನ್ನನ್ನು ತುಂಬ ಕಾಡಿತು. ಸಂಘದ ಜಮೀನಿನ ಪತ್ರ ಬೇಲಿ ಹಾಕಿದವರ ಹೆಸರಿನಲ್ಲಿರಲು ನೀವು ಬಿಡುವುದಿಲ್ಲ. ಡೊಮೈನನ್ನು ಸಂಘದ ಹೆಸರಿಗೆ, ಸಂಘದ್ದೇ ಇ-ಮೇಲಿಗೆ, ಸಂಘದ್ದೇ ಫೋನ್ ಸಂಖ್ಯೆಗೆ ಮಾಡಿಸಿಕೊಳ್ಳಿ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅವನು ನಾಳೆ ಬೇರೆ ಊರಿಗೆ ಹೋದ, ಫೋನ್ ಬದಲಾಯಿತು, ನವೀಕರಣದ ನೆನಪೋಲೆ ಅವನಿಗೆ ತಲುಪಲಿಲ್ಲ ಎಂದಾದರೆ ಸಂಘ ಇಷ್ಟು ವರ್ಷ ಕಟ್ಟಿದ ಹೆಸರು ಕೈತಪ್ಪುತ್ತದೆ. ಇಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದಿನ ಸಲ ಸರ್ವರ್ ಬದಲಿಸುವಾಗ ಮುಂಚೆಯೇ ಟಿಟಿಎಲ್ ಇಳಿಸಿಕೊಳ್ಳಿ. ಹೋಸ್ಟಿಂಗ್ ನಿಭಾಯಿಸುವ ತಂತ್ರಾಂಶವಾದ ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 14,400 ಸೆಕೆಂಡ್, ಅಂದರೆ ನಾಲ್ಕು ಗಂಟೆ ಇರುತ್ತದೆ. ಅದನ್ನು 300 ಮಾಡಿ, ಹಳೆಯ ನಾಲ್ಕು ಗಂಟೆ ಕಳೆಯಲು ಬಿಟ್ಟು, ಆಮೇಲೆ ಐಪಿ ವಿಳಾಸ ಬದಲಿಸಿದರೆ ಐದು ನಿಮಿಷದಲ್ಲಿ ಬಹುತೇಕ ಎಲ್ಲರೂ ಹೊಸ ಮನೆಗೆ ಬಂದಿರುತ್ತಾರೆ. ನೇಮ್‌ಸರ್ವರನ್ನೇ ಬದಲಿಸುವುದಾದರೆ ಡಾಟ್ ಕಾಮ್‌ನ ಎರಡು ದಿನದ ಟಿಟಿಎಲ್ ನಿಮ್ಮ ಕೈಯಲ್ಲಿಲ್ಲ. ಅಷ್ಟು ದಿನ ಹಳೆಯ ನೇಮ್‌ಸರ್ವರಿನಲ್ಲೂ ಹೊಸ ಐಪಿಯನ್ನೇ ಬರೆದಿಡಿ, ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ.

ಪ್ರಶ್ನೆ: ಬೈಕ್ ಬಿಡಿಭಾಗಗಳ ಅಂಗಡಿ ನಡೆಸುತ್ತೇನೆ. ಸ್ವಂತ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ತೆಗೆದುಕೊಂಡು ಉಬುಂಟು ಹಾಕಿ ಸೈಟ್ ನಡೆಸುತ್ತಿದ್ದೇನೆ. ಸೈಟ್ ಎಲ್ಲರಿಗೂ ತೆರೆಯುತ್ತದೆ, ಆದರೆ ಹಣ ಕಟ್ಟುವ ಹಂತದಲ್ಲಿ ನಿಲ್ಲುತ್ತದೆ. ಲಾಗ್‌ನಲ್ಲಿ 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಎಂದಿದೆ. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕೆಂದು ಬರೆಯುವ ರಿಸಾಲ್ವ್ ಡಾಟ್ ಕಾನ್ಫ್ ಕಡತದಲ್ಲಿ ಗೂಗಲ್‌ನ 8.8.8.8 ಬರೆದರೆ ಸರಿಹೋಗುತ್ತದೆ, ರೀಬೂಟ್ ಆದರೆ ಮತ್ತೆ ಮೊದಲಿನಂತೆ. ನನ್ನ ಡೊಮೈನಿನ ಡಿಎನ್‌ಎಸ್‌ನಲ್ಲಿ ಏನು ತಪ್ಪಿದೆ?
(ಹುಬ್ಬಳ್ಳಿ)

ಉತ್ತರ: ನಿಮ್ಮ ಡೊಮೈನಿನಲ್ಲಿ ಏನೂ ತಪ್ಪಿಲ್ಲ, ಅದನ್ನು ಮುಟ್ಟಬೇಡಿ. ಹೊರಗಿನವರು ನಿಮ್ಮ ಹೆಸರು ಕೇಳಿ ನಿಮ್ಮಲ್ಲಿಗೆ ಬರುವುದು ಒಂದು ದಾರಿ. ನಿಮ್ಮ ಸರ್ವರ್ ಹೊರಗಿನವರ ಹೆಸರು ಕೇಳಿ ಅವರಲ್ಲಿಗೆ ಹೋಗುವುದು ಇನ್ನೊಂದು ದಾರಿ. ನಿಮ್ಮಲ್ಲಿ ಮುರಿದಿರುವುದು ಎರಡನೆಯದು. ಪಾವತಿ ಸಂಸ್ಥೆಯ ಹೆಸರನ್ನು ನಿಮ್ಮ ಸರ್ವರ್ ಕೇಳುತ್ತಿದೆ, ಉತ್ತರ ಬರುತ್ತಿಲ್ಲ.

ಉಬುಂಟು 18.04ರಿಂದೀಚೆಗೆ ಆ ಕಡತ ನಿಜವಾದ ಕಡತವಲ್ಲ, ಒಂದು ಕೊಂಡಿ. ಅದರಲ್ಲಿ 127.0.0.53 ಎಂದು ಕಾಣುತ್ತದೆ. ಸರ್ವರಿನೊಳಗೇ ಓಡುತ್ತಿರುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಎಂಬ ಸೇವೆಯ ವಿಳಾಸ ಅದು. ಆ ಸೇವೆ ಶುರುವಾದಾಗಲೆಲ್ಲ ಕಡತವನ್ನು ತನಗೆ ಬೇಕಾದಂತೆ ಬರೆಯುತ್ತದೆ. ಹಾಗಾಗಿ ನೀವು ಬರೆದದ್ದು ಅಳಿಸಿಹೋಗುತ್ತದೆ. ಕೆಲವರು ಕಡತಕ್ಕೇ ಬೀಗ ಹಾಕಿ ಯಾರೂ ತಿದ್ದದಂತೆ ಮಾಡಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ವರ್ಷದ ನಂತರ ಬೇರೆ ಯಾರೋ ಬಂದು ಆ ಬೀಗದ ಸುಳಿವೇ ಇಲ್ಲದೆ ಇಡೀ ದಿನ ಒದ್ದಾಡುತ್ತಾರೆ.

'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂದು ಕೊಟ್ಟು ನೋಡಿ. ಆ ಸೇವೆ ಯಾರನ್ನು ಕೇಳುತ್ತಿದೆ ಎಂಬುದು ತಿಳಿಯುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ, ಅಥವಾ ಉತ್ತರಿಸದ ವಿಳಾಸವಿದ್ದರೆ, ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲಾನ್ ಕಡತದಲ್ಲಿ ನೇಮ್‌ಸರ್ವರ್ ವಿಳಾಸಗಳನ್ನು ಬರೆಯಿರಿ. 8.8.8.8 ಒಂದು, ಬೇರೆ ಸಂಸ್ಥೆಯ 1.1.1.1 ಇನ್ನೊಂದು ಇರಲಿ. ಬರೆದ ಮೇಲೆ ನೇರವಾಗಿ 'ಅಪ್ಲೈ' ಕೊಡದೆ 'ನೆಟ್‌ಪ್ಲಾನ್ ಟ್ರೈ' ಕೊಡಿ. ನೀವು 120 ಸೆಕೆಂಡಿನೊಳಗೆ ಒಪ್ಪಿಗೆ ಒತ್ತದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲೋ ದೂರದಲ್ಲಿರುವ ಸರ್ವರಿನ ನೆಟ್‌ವರ್ಕ್ ತಿದ್ದುವಾಗ ಇದು ಪ್ರಾಣ ಉಳಿಸುವ ವ್ಯವಸ್ಥೆ.

ವಿಳಾಸ ಸರಿಯಿದ್ದೂ ಉತ್ತರ ಬರದಿದ್ದರೆ ಫೈರ್‌ವಾಲ್ ನೋಡಿ. ಡಿಎನ್‌ಎಸ್ ನಡೆಯುವುದು 53ನೇ ಪೋರ್ಟಿನಲ್ಲಿ, ಹೆಚ್ಚಾಗಿ ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ. ಉತ್ತರ ದೊಡ್ಡದಾಗಿ ತುಂಡಾದರೆ ಅದೇ ಪ್ರಶ್ನೆಯನ್ನು ಟಿಸಿಪಿ ಎಂಬ ಇನ್ನೊಂದು ವಿಧಾನದಲ್ಲಿ ಮತ್ತೆ ಕೇಳಬೇಕಾಗುತ್ತದೆ. ಯುಡಿಪಿ ಮಾತ್ರ ಬಿಟ್ಟು ಟಿಸಿಪಿ ಮುಚ್ಚಿದವರಿಗೆ ಚಿಕ್ಕ ಉತ್ತರದ ಹೆಸರುಗಳು ಸಿಕ್ಕು ದೊಡ್ಡವು ಸಿಗುವುದಿಲ್ಲ. ಎರಡನ್ನೂ ಬಿಡಿ.

ಇದೇ ಜಾತಿಯ ಇನ್ನೊಂದು ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ಸೈಟ್ ಕೆಟ್ಟಿರುವುದಿಲ್ಲ, ಆದರೆ ಪಾವತಿ ಪುಟ ಪ್ರತಿ ಸಲವೂ ಐದು ಸೆಕೆಂಡ್ ತಡವಾಗಿ ಬರುತ್ತದೆ. ನಾಲ್ಕಲ್ಲ, ಆರಲ್ಲ, ಐದೇ. ಹಿಂದೆ ಒಬ್ಬ ಗಿರಾಕಿಯ ಹಳೆಯ ಸೆಂಟ್‌ಓಎಸ್ ಸರ್ವರಿನಲ್ಲಿ ಡೇಟಾಬೇಸ್ ತಿದ್ದಿ, ಪಿಎಚ್‌ಪಿ ಬದಲಿಸಿ, ರ್‍ಯಾಮ್ ಹೆಚ್ಚಿಸಿ ನಾವೆಲ್ಲ ಎರಡು ದಿನ ಕಳೆದೆವು. ಕೊನೆಗೆ ನೋಡಿದರೆ ರಿಸಾಲ್ವ್ ಡಾಟ್ ಕಾನ್ಫ್‌ನ ಮೊದಲ ಸಾಲಿನಲ್ಲಿದ್ದ ರಿಸಾಲ್ವರ್ ಸತ್ತುಹೋಗಿತ್ತು. ಲಿನಕ್ಸ್ ಮೊದಲನೆಯದಕ್ಕೆ ಐದು ಸೆಕೆಂಡ್ ಕಾಯ್ದು ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಒಂದು ಸಾಲು ಅಳಿಸಿದ್ದಕ್ಕೆ ಪುಟ ಓಡತೊಡಗಿತು. ತಡ ಸರಿಯಾಗಿ ಐದು ಸೆಕೆಂಡ್ ಅಥವಾ ಅದರ ಮಗ್ಗಿ ಇದ್ದರೆ ನಾನು ಈಗ ಮೊದಲು ತೆರೆಯುವುದು ಆ ಕಡತವನ್ನೇ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಬೈಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ ಎರಡು ನೇಮ್‌ಸರ್ವರ್ ನಾವೇ ನಡೆಸುತ್ತೇವೆ. ಜೋನ್ ಕಡತ ತಿದ್ದಿದರೆ ಮೊದಲನೆಯದು ಹೊಸ ಉತ್ತರ ಕೊಡುತ್ತದೆ, ಎರಡನೆಯದು ಹಳೆಯದನ್ನೇ ಹಿಡಿದು ಕೂತಿದೆ. ಕಡತದ ಆವೃತ್ತಿ ಹೇಳುವ ಸೀರಿಯಲ್ ಸಂಖ್ಯೆ ಪ್ರತಿ ಸಲ ಹೆಚ್ಚಿಸುತ್ತಿದ್ದೇನೆ.
(ಲ್ಯಾಬ್ ಸಹಾಯಕಿ, ತುಮಕೂರು)

ಉತ್ತರ: ಡಿಗ್‌ಗೆ 'ಪ್ಲಸ್ ಎನ್‌ಎಸ್‌ಸರ್ಚ್' ಸೇರಿಸಿ ನಿಮ್ಮ ಡೊಮೈನ್ ಕೇಳಿ. ಎರಡೂ ಸರ್ವರುಗಳ ಸೀರಿಯಲ್ ಒಂದರ ಕೆಳಗೊಂದು ಬರುತ್ತದೆ. ಎರಡನೆಯದರ ಸಂಖ್ಯೆಯೇ ದೊಡ್ಡದಾಗಿದ್ದರೆ ಗುಟ್ಟು ಸಿಕ್ಕಿತು. ವರ್ಷ, ತಿಂಗಳು, ದಿನ, ಆಮೇಲೆ ಎರಡಂಕಿ ಎಂದು ಸೀರಿಯಲ್ ಬರೆಯುವ ರೂಢಿಯಲ್ಲಿ ಯಾವತ್ತೋ ಒಮ್ಮೆ 2024 ಬರೆಯಲು ಹೋಗಿ 2042 ಎಂದು ಒತ್ತಿ, ಆಮೇಲೆ ಸದ್ದಿಲ್ಲದೆ ತಿದ್ದಿರುತ್ತಾರೆ. ಎರಡನೆಯ ಸರ್ವರ್ 2042ರ ಪ್ರತಿಯನ್ನು ಆಗಲೇ ತೆಗೆದುಕೊಂಡಿದೆ. ಅದರ ಲೆಕ್ಕದಲ್ಲಿ ನೀವು ಈಗ ಕೊಡುತ್ತಿರುವುದೆಲ್ಲ ಹಳೆಯದು.

ಎರಡನೆಯ ಸರ್ವರ್ ನಿಮ್ಮ ಕೈಯಲ್ಲೇ ಇರುವುದರಿಂದ ದಾರಿ ಸುಲಭ. ಅಲ್ಲಿ 'ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್' ಎಂದು ಡೊಮೈನಿನ ಹೆಸರು ಕೊಡಿ. ಸೀರಿಯಲ್ ನೋಡದೆ ಪೂರ್ತಿ ಜೋನನ್ನು ಮತ್ತೆ ತರುತ್ತದೆ. ಎರಡನೆಯ ಸರ್ವರ್ ಬೇರೆಯವರದಾಗಿದ್ದರೆ ಸುತ್ತುದಾರಿ ಬೇಕಾಗುತ್ತಿತ್ತು. ಸೀರಿಯಲ್ 32 ಬಿಟ್‌ನ ಸಂಖ್ಯೆ, ಗಡಿಯಾರದಂತೆ ಸುತ್ತುತ್ತದೆ. ಅವರ ಬಳಿ ಇರುವ ಸಂಖ್ಯೆಗೆ 2,14,74,83,647 ಕೂಡಿಸಿ, ಮೊತ್ತ 4,29,49,67,295 ದಾಟಿದರೆ ಅದರಿಂದ 4,29,49,67,296 ಕಳೆದು ಬರೆಯಬೇಕು. ಅದು ಅವರಿಗೆ ತಲುಪಿದ ಮೇಲೆ ನಿಮ್ಮ ಸರಿಯಾದ ಸೀರಿಯಲ್ ಇಟ್ಟರೆ ಅದನ್ನೂ ಹೊಸದೆಂದೇ ಒಪ್ಪುತ್ತದೆ.

ಕಡತವನ್ನು ಕೈಯಿಂದ ಬರೆಯುವವರು ನೀವು, ಅದಕ್ಕೆ ಚುಕ್ಕಿಯ ಮಾತನ್ನೂ ಹೇಳಬೇಕು. ಪೂರ್ತಿ ಹೆಸರಿನ ಕೊನೆಗೆ ಚುಕ್ಕಿ ಇಡದಿದ್ದರೆ ಬೈಂಡ್ ಅದರ ಕೊನೆಗೆ ಡೊಮೈನನ್ನು ಮತ್ತೊಮ್ಮೆ ಅಂಟಿಸುತ್ತದೆ. 2008ರ ಒಂದು ರಾತ್ರಿ ಎರಡು ಗಂಟೆಗೆ ನಾನು ಒಂದು ಸಣ್ಣ ಆಸ್ಪತ್ರೆಯ ಎಂಎಕ್ಸ್ ಸಾಲಿನಲ್ಲಿ (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಸಾಲು) ಆ ಚುಕ್ಕಿ ಬಿಟ್ಟೆ. ನಮ್ಮಲ್ಲಿದ್ದ ಹಳೆಯ ಬೈಂಡ್ ಏನೂ ಹೇಳಲಿಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಆ ಸಣ್ಣ ಆಸ್ಪತ್ರೆಗೆ ಬಂದ ಮೇಲ್‌ಗಳೆಲ್ಲ ಕಳಿಸಿದವರಿಗೇ ವಾಪಸ್ ಹೋದವು. ಅವುಗಳಲ್ಲಿ ಪ್ರಯೋಗಾಲಯದ ವರದಿಗಳಿದ್ದವು. ಅವತ್ತು ಆ ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. 'ಇನ್ನು ಏನೇನು ಬರಬೇಕಿತ್ತು ಅಂತ ಹೇಗೆ ತಿಳ್ಕೊಳ್ಳೋದಮ್ಮಾ?' ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಅಂದಿನಿಂದ ಕಡತದ ತಪ್ಪು ಹುಡುಕುವ 'ನೇಮ್ಡ್-ಚೆಕ್‌ಜೋನ್' ಓಡಿಸದೆ ಒಂದೇ ಒಂದು ಕಡತವನ್ನೂ ರೀಲೋಡ್ ಮಾಡಿಲ್ಲ. ನೀವೂ ಮಾಡಬೇಡಿ.

ಪ್ರಶ್ನೆ: ಇಲ್ಲಿನ ಕನ್ನಡ ಬಳಗದ ವೆಬ್‌ಸೈಟಿನ ನೇಮ್‌ಸರ್ವರ್ ಬದಲಿಸಿದೆವು. ರಾಜ್ಯೋತ್ಸವದ ನೋಂದಣಿ ನಡೆಯುತ್ತಿದೆ. ಕೆಲವು ಮನೆಗಳಲ್ಲಿ ಸೈಟ್ ಸಲೀಸಾಗಿ ತೆರೆಯುತ್ತದೆ, 8.8.8.8 ಹಾಕಿಕೊಂಡವರಿಗೆ ಮಾತ್ರ 'ಸರ್ವ್‌ಫೇಲ್'. ಹೊಸ ಕಂಪನಿಯವರು ತಮ್ಮ ಕಡೆ ಎಲ್ಲ ಸರಿಯಿದೆ ಎನ್ನುತ್ತಾರೆ.
(ಮಸ್ಕತ್)

ಉತ್ತರ: ಅವರ ಕಡೆ ಸರಿಯೇ ಇರಬಹುದು. ತಪ್ಪು ಉಳಿದಿರುವುದು ರಿಜಿಸ್ಟ್ರಾರ್ ಬಳಿ.

ಡಿಎನ್‌ಎಸ್ ಕೊಡುವ ಉತ್ತರವನ್ನು ಪದಶಃ ಓದಬೇಕು. 'ಎನ್‌ಎಕ್ಸ್‌ಡೊಮೈನ್' ಎಂದರೆ ಆ ಹೆಸರೇ ಇಲ್ಲ. 'ರೆಫ್ಯೂಸ್ಡ್' ಎಂದರೆ ನಿನಗೆ ಹೇಳುವುದಿಲ್ಲ, ಅಥವಾ ಆ ಡೊಮೈನ್ ನನ್ನದಲ್ಲ. 'ಸರ್ವ್‌ಫೇಲ್' ಎಂದರೆ ಕೇಳಿದೆ, ಆದರೆ ನಂಬಿ ಕೊಡಬಹುದಾದ ಉತ್ತರ ಸಿಗಲಿಲ್ಲ. ನಿಮ್ಮದು ಮೂರನೆಯದು. ಡಿಗ್‌ನಲ್ಲಿ 'ಪ್ಲಸ್ ಸಿಡಿ' ಸೇರಿಸಿ 8.8.8.8 ಅನ್ನೇ ಮತ್ತೆ ಕೇಳಿ. ಸಹಿಯನ್ನು ಪರೀಕ್ಷಿಸಬೇಡ ಎಂದು ಹೇಳುವ ಗುರುತು ಅದು. ಆಗ ಉತ್ತರ ಬಂದರೆ ಸಮಸ್ಯೆ ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ವ್ಯವಸ್ಥೆಯಾದ ಡಿಎನ್‌ಎಸ್‌ಸೆಕ್‌ನದು.

ಹಳೆಯ ಕಂಪನಿ ನಿಮ್ಮ ಜೋನಿಗೆ ಡಿಜಿಟಲ್ ಸಹಿ ಹಾಕಿ, ಆ ಸಹಿಯ ಗುರುತನ್ನು ಡಿಎಸ್ ರೆಕಾರ್ಡ್ ಎಂದು ಮೇಲಿನ ಮೆಟ್ಟಿಲಿನಲ್ಲಿ ಇರಿಸಿತ್ತು. ನೀವು ಮನೆ ಬದಲಿಸಿದಿರಿ, ಗುರುತು ಅಲ್ಲೇ ಉಳಿಯಿತು. ಸಹಿ ತಾಳೆ ನೋಡುವ ರಿಸಾಲ್ವರುಗಳು ನಿಮ್ಮ ಹೊಸ ಉತ್ತರವನ್ನು ನಕಲಿ ಎಂದು ತಿರಸ್ಕರಿಸುತ್ತಿವೆ. ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಎರಡೂ ತಾಳೆ ನೋಡುತ್ತವೆ. ನೋಡದ ಇಂಟರ್ನೆಟ್ ಕಂಪನಿಗಳ ಗಿರಾಕಿಗಳಿಗೆ ಸೈಟ್ ತೆರೆಯುತ್ತದೆ. ರಿಜಿಸ್ಟ್ರಾರ್ ಪುಟದಲ್ಲಿ ಹಳೆಯ ಡಿಎಸ್ ತೆಗೆದುಹಾಕಿ. ಡಾಟ್ ಕಾಮ್ ಆದ್ದರಿಂದ ಅದರ ಪ್ರತಿಗಳು ಮಾಯವಾಗಲು ಒಂದು ದಿನ ಹಿಡಿಯಬಹುದು, ನೋಂದಣಿಯ ಕೊನೆಯ ದಿನಾಂಕವನ್ನು ಎರಡು ದಿನ ಮುಂದಕ್ಕೆ ಹಾಕಿ. ಎಲ್ಲ ಸರಿಯಾದ ಮೇಲೆ ಹೊಸ ಕಂಪನಿಯಿಂದ ಹೊಸ ಡಿಎಸ್ ಪಡೆದು ಮತ್ತೆ ಹಾಕಿಸಿ. ಸಹಿಯ ರಕ್ಷಣೆ ಬೇಕು, ಅದನ್ನು ಕೈಬಿಡಬೇಡಿ.

ಪ್ರಶ್ನೆ: ನಮ್ಮ ಸೈಟಿನ 'ಸಂಪರ್ಕಿಸಿ' ನಮೂನೆಯಿಂದ ಬರುವ ಮೇಲ್ ಮಾತ್ರ ನಮಗೆ ತಲುಪುವುದಿಲ್ಲ, ಬೇರೆ ಎಲ್ಲರದೂ ಬರುತ್ತದೆ. ಮೇಲ್ ಬೇರೆ ಕಂಪನಿಯಲ್ಲಿದೆ, ಸೈಟ್ ಸಿಪ್ಯಾನೆಲ್ ಇರುವ ಸರ್ವರಿನಲ್ಲಿದೆ.
(ಉಡುಪಿ)

ಉತ್ತರ: ನಿಮ್ಮ ವೆಬ್ ಸರ್ವರ್ ಆ ಡೊಮೈನಿನ ಮೇಲ್ ತನ್ನದೇ ಎಂದುಕೊಂಡಿದೆ, ಹಾಗಾಗಿ ಎಂಎಕ್ಸ್ ಕೇಳದೆ ತನ್ನೊಳಗಿನ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದೆ. ಸಿಪ್ಯಾನೆಲ್‌ನ ಇ-ಮೇಲ್ ರೂಟಿಂಗ್ ಪುಟದಲ್ಲಿ 'ಲೋಕಲ್' ಇರುವುದನ್ನು 'ರಿಮೋಟ್' ಮಾಡಿ. ಮೊದಲು ಒಳಗಿನ ಪೆಟ್ಟಿಗೆ ತೆರೆದು ಇಷ್ಟು ದಿನ ಬಂದವನ್ನು ಓದಿ.

ಪ್ರಶ್ನೆ: ಕನ್ನಡ ಲಿಪಿಯಲ್ಲೇ, ಕೊನೆಗೆ 'ಡಾಟ್ ಭಾರತ' ಎಂದು ಬರುವ ವಿಳಾಸ ತೆಗೆದುಕೊಂಡೆ. ಸರ್ವರಿನಲ್ಲಿ ಆ ಹೆಸರು ಬರೆದರೆ ಸೈಟ್ ತೆರೆಯುತ್ತಿಲ್ಲ.
(ನಿವೃತ್ತ ಶಿಕ್ಷಕರು, ಕೊಪ್ಪಳ)

ಉತ್ತರ: ಸರ್, ಕನ್ನಡದ ಹೆಸರನ್ನೇ ಆರಿಸಿಕೊಂಡಿದ್ದಕ್ಕೆ ಸಂತೋಷ. ಡಿಎನ್‌ಎಸ್‌ನ ಒಳಗೆ ಹೆಸರುಗಳು ಲ್ಯಾಟಿನ್ ಅಕ್ಷರಗಳಲ್ಲೇ ಓಡಾಡುತ್ತವೆ. ಬ್ರೌಸರ್ ನಿಮ್ಮ ಕನ್ನಡ ಹೆಸರನ್ನು 'ಎಕ್ಸ್ ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಪ್ಯುನಿಕೋಡ್ ರೂಪಕ್ಕೆ ತಿರುಗಿಸಿ ಕೇಳುತ್ತದೆ. ಕನ್ನಡದ 'ಭಾರತ'ಕ್ಕೂ ಅಂಥದೊಂದು ರೂಪವಿದೆ. ಜೋನ್ ಕಡತ, ವೆಬ್ ಸರ್ವರಿನ ಹೆಸರಿನ ಸಾಲು, ಎಸ್‌ಎಸ್‌ಎಲ್ ಪ್ರಮಾಣಪತ್ರದ ಅರ್ಜಿ, ಈ ಮೂರೂ ಕಡೆ ಪ್ಯುನಿಕೋಡ್ ರೂಪವನ್ನೇ ಬರೆಯಿರಿ. ಅದನ್ನು ಕೈಯಿಂದ ಟೈಪ್ ಮಾಡದೆ ರಿಜಿಸ್ಟ್ರಾರ್ ಪುಟದಿಂದ ನಕಲಿಸಿ ಅಂಟಿಸಿ, ಒಂದಕ್ಷರ ತಪ್ಪಿದರೂ ಬೇರೆಯದೇ ಹೆಸರಾಗುತ್ತದೆ. ಜನರಿಗೆ ಕಾಣುವ ಕಡೆ, ನಿಮ್ಮ ಕಾರ್ಡಿನಲ್ಲಿ, ಫಲಕದಲ್ಲಿ, ಕನ್ನಡವೇ ಇರಲಿ.